ಕೋಟೆ ಕಾದವರ ಮಾತೂ ಬರಲಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಚೀನಾದ ಮೂರು ರಾಜ್ಯಗಳ ಕಾಲದ ಯುದ್ಧಗಳ ಲೇಖನ ಓದಿ ಖುಷಿಯಾಯಿತು. ಆದರೆ ಶು ರಾಜ್ಯದ ಪ್ರಧಾನಮಂತ್ರಿ ಝುಗೆ ಲಿಯಾಂಗ್‌ನ ಜಾಣತನಕ್ಕೆ ಅರ್ಧ ಪುಟ ಕೊಟ್ಟ ಲೇಖಕರು ಅವನು ಚೆನ್‌ತ್ಸಾಂಗ್ ಕೋಟೆಗೆ ಹಾಕಿದ ಮುತ್ತಿಗೆಯನ್ನು ‘ದವಸ ಮುಗಿದು ವಾಪಸಾದ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ದವಸ ಮುಗಿದದ್ದು ನಿಜ. ಅದು ಮುಗಿಯೋ ತನಕ ಅವನನ್ನು ಅಲ್ಲೇ ತಡೆದವರು ಯಾರು ಅಂತ ಹೇಳಬೇಕಿತ್ತು, ಅಲ್ವಾ?

ಕ್ರಿ.ಶ. 228ರ ಚಳಿಗಾಲದಲ್ಲಿ ಶು ರಾಜ್ಯದ ಹತ್ತಾರು ಸಾವಿರ ಸೈನಿಕರು ಬೆಟ್ಟ ದಾಟಿ ಬಂದರು. ಈಗಿನ ಬಾವ್‌ಜಿ ನಗರದ ಬಳಿಯಿದ್ದ ಆ ಕೋಟೆ ಬಿದ್ದಿದ್ದರೆ ವೇ ರಾಜ್ಯದ ಮುಖ್ಯ ನಗರ ಚಾಂಗಾನ್ ಕಡೆಗಿನ ದಾರಿ ಸಲೀಸಾಗುತ್ತಿತ್ತು. ಒಳಗಿದ್ದದ್ದು ವೇ ರಾಜ್ಯದ ಸೇನಾನಿ ಹಾವ್ ಝಾವ್ ಮತ್ತು ಸಾವಿರಕ್ಕೆ ಸ್ವಲ್ಪ ಜಾಸ್ತಿ ಜನ, ಅಷ್ಟೇ. ಶರಣಾಗು ಎಂದು ಹೇಳಲು ಝುಗೆ ಲಿಯಾಂಗ್ ಹಾವ್ ಝಾವ್‌ನ ಊರಿನವನನ್ನೇ ಎರಡು ಸಲ ಕಳಿಸಿದ. ‘ನಿನ್ನ ಗುರುತು ನನಗಿದೆ, ನನ್ನ ಬಾಣಕ್ಕಿಲ್ಲ’ ಎಂದು ಹಾವ್ ಝಾವ್ ಗೋಡೆಯ ಮೇಲಿಂದಲೇ ವಾಪಸ್ ಅಟ್ಟಿದ.

ಆಮೇಲೆ ನಡೆದದ್ದೇ ನಿಜವಾದ ಕಥೆ. ಶು ಸೈನಿಕರು ಏಣಿ ಹಾಕಿದರು; ಹಾವ್ ಝಾವ್ ಬೆಂಕಿಬಾಣ ಬಿಟ್ಟ, ಏಣಿಯ ಜೊತೆ ಹತ್ತಿದವರೂ ಸುಟ್ಟುಹೋದರು. ಗೋಡೆ ಗುದ್ದುವ ಬಂಡಿ ತಂದರು. ಇವನು ಬೀಸುವ ಕಲ್ಲುಗಳಿಗೆ ಹಗ್ಗ ಕಟ್ಟಿ ಮೇಲಿಂದ ಬಿಟ್ಟು ಆ ಬಂಡಿಗಳನ್ನು ಪುಡಿ ಮಾಡಿದ. ಎತ್ತರದ ಅಟ್ಟಣಿಗೆ ಕಟ್ಟಿ ಒಳಗೆ ಬಾಣದ ಮಳೆ ಸುರಿಸಿದರು, ಕಂದಕಕ್ಕೆ ಮಣ್ಣು ತುಂಬಿದರು. ಅಷ್ಟರಲ್ಲಿ ಇವನು ಒಳಗಡೆ ಇನ್ನೊಂದು ಗೋಡೆ ಎಬ್ಬಿಸಿದ್ದ. ಸುರಂಗ ತೋಡಿದಾಗ ಒಳಗಿನಿಂದ ಅಡ್ಡ ಅಗೆದು ತಡೆದ. ಹೀಗೆ 20 ದಿನಕ್ಕೂ ಹೆಚ್ಚು ನಡೆಯಿತು.

ಇದು ಅದೃಷ್ಟವೂ ಅಲ್ಲ. ಝುಗೆ ಲಿಯಾಂಗ್ ಮುಂದಿನ ಸಲ ಇಲ್ಲಿಗೇ ಬರುತ್ತಾನೆಂದು ಲೆಕ್ಕ ಹಾಕಿದ್ದ ತ್ಸಾವ್ ಝೆನ್ ಎಂಬ ವೇ ದಂಡನಾಯಕ ಮೊದಲೇ ಹಾವ್ ಝಾವ್‌ನನ್ನು ಕಳಿಸಿ ಗೋಡೆ ರಿಪೇರಿ ಮಾಡಿಸಿದ್ದ. ಇಂಥ ಕೆಲಸ ಯುದ್ಧದ ಕಥೆಗಳಲ್ಲಿ ಬರುವುದೇ ಅಪರೂಪ. ನನಗೆ ಬೇಜಾರಾಗಿದ್ದು ಅದಕ್ಕೇ.

ಹಾವ್ ಝಾವ್ ಮುಂದೆ ಕಾಯಿಲೆ ಬಿದ್ದು ಸತ್ತ. ಸಾಯುವಾಗ ಮಗನಿಗೆ ಹೇಳಿದ ಮಾತು ಉಳಿದಿದೆ: ಯುದ್ಧದ ಸಾಮಾನು ಮಾಡಿಸಲು ಎಷ್ಟೋ ಗೋರಿ ಅಗೆಸಿ ಮರ ತೆಗೆಸಿದ್ದೇನೆ, ಅದ್ದೂರಿ ಸಮಾಧಿಯಿಂದ ಸತ್ತವರಿಗೆ ಏನೂ ಸಿಗಲ್ಲ, ನನ್ನನ್ನು ಮಾಮೂಲಿ ಬಟ್ಟೆಯಲ್ಲೇ ಹೂಳು ಅಂತ. ಗೆದ್ದ ಸೇನಾನಿಯ ಬಾಯಲ್ಲಿ ಇಂಥ ಮಾತನ್ನು ನಾನು ಬೇರೆಲ್ಲೂ ಓದಿಲ್ಲ.

ಈ ಲೇಖನಮಾಲೆ ಮುಂದುವರಿಯುವುದಾದರೆ ದಯವಿಟ್ಟು ಒಂದು ಕಂತು ಹಾವ್ ಝಾವ್‌ಗೆ ಮೀಸಲಿಡಿ. ಕೋಟೆಯ ಒಂದು ನಕ್ಷೆಯನ್ನೂ ಹಾಕಿದರೆ ಶಾಲೆ ಮಕ್ಕಳಿಗೆ ಅನುಕೂಲ.

– ನಿವೃತ್ತ ಇತಿಹಾಸ ಶಿಕ್ಷಕ, ತುಮಕೂರು