ಮಂಜ, ಒಂದ್ಸಲ ಜುಹುಗೆ ಬಾ

ಪ್ರೀತಿಯ ಮಂಜ,

ಫೋನಿನಲ್ಲಿ ನೀನು ಮಾತು ಮುಗಿಸಲು ಬಿಡುವುದಿಲ್ಲ. ಅದಕ್ಕೇ ಎಲ್ಲರ ಮುಂದೆ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಾಸ್ಟೆಲಿನವರು ಓದಿ ನಗುತ್ತಾರೆ. ನಗಲಿ ಬಿಡು.

ಭಾನುವಾರ ಬೆಳಿಗ್ಗೆ ಮುಂಬೈಯ ಜುಹು ಬೀಚಿನಲ್ಲಿ ಹೊಸಬರಿಗೆ ಅಲ್ಟಿಮೇಟ್ ಫ್ರಿಸ್ಬೀ ಹೇಳಿಕೊಡುತ್ತಿದ್ದೇನೆ, ತಟ್ಟೆಯಂಥ ಡಿಸ್ಕನ್ನು ಎಸೆದು ಹಿಡಿಯುವ ತಂಡದ ಆಟ. ನಮ್ಮವರೇ ಜಾಸ್ತಿ. ಮಾಟುಂಗಾದ ಹೋಟೆಲಿನಿಂದ ರಜೆ ಸಿಕ್ಕಾಗ ಬರುವ ಕುಂದಾಪುರದ ಹುಡುಗರು, ಅಂಧೇರಿಯಲ್ಲಿ ಕೆಲಸ ಮಾಡುವ ಧಾರವಾಡದ ಹುಡುಗಿಯರು. ಎಲ್ಲರೂ ಸೇರಿಯೇ ಆಡುತ್ತಾರೆ.

ಡಿಸ್ಕ್ 175 ಗ್ರಾಂ ಅಷ್ಟೇ. ಆದರೂ ಹೊಸಬರು ತೋಳಿನ ಬಲವೆಲ್ಲ ಹಾಕಿ ಎಸೆಯುತ್ತಾರೆ. ಅದು ನಡುಗುತ್ತ ಹೋಗಿ ಮರಳಿಗೆ ಬೀಳುತ್ತದೆ. ಬುಗುರಿಯ ಹಾಗೆ, ಚೆನ್ನಾಗಿ ತಿರುಗಿದರೆ ಮಾತ್ರ ಅಲುಗಾಡದೆ ನಿಲ್ಲುವಂಥದ್ದು ಅದು. ಕೆಲಸವೆಲ್ಲ ಮಣಿಕಟ್ಟಿನದು. ಕೈಯನ್ನು ಮೈಗೆ ಅಡ್ಡವಾಗಿ ತಂದು ಎಸೆಯುವ ಬ್ಯಾಕ್‌ಹ್ಯಾಂಡ್ ಬೇಗ ಬರುತ್ತದೆ. ಎರಡು ಬೆರಳು ಅಂಚಿನೊಳಗೆ ಒತ್ತಿ ಎಸೆಯುವ ಫ್ಲಿಕ್‌ಗೆ ತಾಳ್ಮೆ ಬೇಕು. ಸಮುದ್ರದ ಗಾಳಿಗೆ ಎದುರಾಗಿ ಮುಂದಿನ ಅಂಚು ಎತ್ತಿ ಎಸೆದರೆ ಡಿಸ್ಕ್ ಆಕಾಶಕ್ಕೇ ಹೋಗುತ್ತದೆ!

ಡಿಸ್ಕ್ ಹಿಡಿದು ಓಡುವಂತಿಲ್ಲ. ಒಂದು ಕಾಲು ಊರಿ ಕೆಲವೇ ಸೆಕೆಂಡಿನೊಳಗೆ ಪಾಸ್ ಮಾಡಬೇಕು. ಎದುರಾಳಿ ಮುಂದೆಯೇ ನಿಂತು ಜೋರಾಗಿ ಎಣಿಸುತ್ತಾನೆ. ನೆಲಕ್ಕೆ ಬಿದ್ದರೆ ಅವರ ಪಾಲು. ಎದುರಿನ ತುದಿಯಲ್ಲಿ ಗುರುತು ಮಾಡಿದ ಜಾಗದಲ್ಲಿ, ಅಂದರೆ ಎಂಡ್ ಝೋನ್‌ನಲ್ಲಿ, ಹಿಡಿದರೆ ಪಾಯಿಂಟ್. ಹುಲ್ಲಿನ ಮೈದಾನದಲ್ಲಾದರೆ ತಂಡಕ್ಕೆ 7 ಜನ, ಬೀಚಿನಲ್ಲಿ 5.

ಹೊಸಬರೆಲ್ಲ ಕೇಳುವ ಪ್ರಶ್ನೆ ಒಂದೇ: "ಅಂಪೈರ್ ಯಾರು?" ಯಾರೂ ಇಲ್ಲ. 1968ರಲ್ಲಿ ನ್ಯೂಜೆರ್ಸಿಯ ಹೈಸ್ಕೂಲ್ ಹುಡುಗರು ಶುರು ಮಾಡಿದ ಆಟ ಇದು. ಇವತ್ತು ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಫೌಲ್ ಹೇಳುವವರು ಆಟಗಾರರೇ. ಇಬ್ಬರ ಮಾತು ಕೂಡದಿದ್ದರೆ ಡಿಸ್ಕ್ ಎಸೆದವರ ಕೈಗೆ ವಾಪಸ್, ಆ ಪಾಸ್ ಇನ್ನೊಮ್ಮೆ.

ಮೊನ್ನೆ ಒಬ್ಬ ಹುಡುಗ ಹಾರಿ ಬಿದ್ದು, ಮರಳಿಗೆ ತಾಗುವಷ್ಟರಲ್ಲಿ ಡಿಸ್ಕ್ ಹಿಡಿದ. "ಸಿಕ್ತಾ?" ಅಂತ ಎದುರಾಳಿ ಕೇಳಿದ. "ಸಿಕ್ತು." ಆಟ ಮುಂದುವರಿಯಿತು. ಯಾರಾದರೂ ಜಗಳಕ್ಕೆ ಬರುತ್ತಾರೇನೋ ಅಂತ ಆ ಹುಡುಗ ಸುತ್ತ ನೋಡಿದ. ಯಾರೂ ಬರಲಿಲ್ಲ. ನನಗೆ ಗಂಟಲು ಕಟ್ಟಿತು.

ಈ ಊರಿನಲ್ಲಿ ಬಾಯಿಮಾತು ಎಲ್ಲಿ ನಡೆಯುತ್ತದೆ ಹೇಳು? ಬಾಡಿಗೆ ಮನೆಗೆ ಅಗ್ರಿಮೆಂಟ್, ಪೊಲೀಸ್ ವೆರಿಫಿಕೇಶನ್. ಆಫೀಸಿಗೆ ಬಂದೆ ಅನ್ನಲು ಹೆಬ್ಬೆಟ್ಟು. ಜ್ವರ ಬಂತು ಅನ್ನಲು ಡಾಕ್ಟರ ಚೀಟಿ. ಇವೆಲ್ಲ ಬೇಕು, ಗೊತ್ತು. ಆದರೂ ದಿನಾ ಸಾಕ್ಷಿ ತೋರಿಸಿ ತೋರಿಸಿ ನನ್ನ ಮಾತಿನ ಮೇಲೆ ನನಗೇ ಅನುಮಾನ ಬರತೊಡಗಿತ್ತು ಕಣೋ. ಅಪ್ಪ ಹೋದ ಮೇಲೆ ಜಾಸ್ತಿಯಾಯಿತು. "ಮಗ ಹೇಳಿದ ಅಂದ್ಮೇಲೆ ಮುಗೀತು" ಅನ್ನುತ್ತಿದ್ದವರು ಅವರೊಬ್ಬರೇ. ಹೊಸಬರಿಗೆ ಕಲಿಸಲು ಹೋಗುತ್ತೇನೆ ಅಂತ ಎಲ್ಲರಿಗೂ ಹೇಳಿದ್ದೇನೆ, ನಿಜವೇ. ಆದರೆ "ಸಿಕ್ತಾ?" ಅಂತ ಕೇಳಿ, ಹೇಳಿದ್ದನ್ನು ನಂಬುವ ಜಾಗಕ್ಕೆ ಹೋಗುತ್ತಿದ್ದೇನೆ ಅನ್ನುವುದು ಮೊನ್ನೆ ತಿಳಿಯಿತು.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಸಾಕು.

ನೀನು ಡಿಸೆಂಬರಿನಲ್ಲಿ ಬಾ. ಶೂ ಬೇಡ, ಬರಿಗಾಲಲ್ಲೇ ಆಡೋಣ. ಟೋಪಿ ತಾ, ಆ ಹಳದಿಯದೇ ಆಗಬೇಕು. ಆಟ ಮುಗಿದ ಮೇಲೆ ಎರಡೂ ತಂಡದವರು ಒಟ್ಟಿಗೆ ಸುತ್ತ ನಿಂತು ಎದುರಾಳಿಗಳ ಬಗ್ಗೆ ಮಾತಾಡುತ್ತೇವೆ. ಅಲ್ಲಿ ನೀನು ಎಷ್ಟು ಬೇಕಾದರೂ ಮಾತಾಡು. ಆಮೇಲೆ ಮಾಟುಂಗಾದಲ್ಲಿ ಇಡ್ಲಿ, ಕಾಪಿ. ಟಿಕೆಟ್ಟು ಆಮೇಲೆ ನೋಡಿಕೊಳ್ಳೋಣ. ಬರ್ತೀನಿ ಅಂತ ಒಂದು ಮಾತು ಹೇಳು, ನಿನ್ನ ಹೆಸರು ತಂಡಕ್ಕೆ ಸೇರಿಸುತ್ತೇನೆ.