ಹೊಳೆ ಮೀನು ಸದ್ಯಕ್ಕಿಲ್ಲ: ನಮ್ಮ ಗಿರಾಕಿಗಳಿಗೆ ಒಂದು ಪತ್ರ

ನಮಸ್ಕಾರ.

ಈ ಭಾನುವಾರದಿಂದ ನಮ್ಮ ಮೀನುಗಾರರ ಸಂಘದ ಅಂಗಡಿಯಲ್ಲಿ ಕಾವೇರಿ ಹೊಳೆಯ ಮೀನು ಸಿಗುವುದಿಲ್ಲ. ಮುಂಗಾರಿನ ಹೊಸನೀರು ಬಂದು, ಮೀನು ಮೊಟ್ಟೆ ಇಟ್ಟು, ಮರಿಗಳು ಬಲಿಯುವವರೆಗೆ ಬಲೆ ಬಿಡಬಾರದು ಅಂತ ಸದಸ್ಯರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಅಲ್ಲಿಯವರೆಗೆ ಕೆರೆಯ ಕಾಟ್ಲಾ, ರೋಹು ಮಾತ್ರ. ಆ ಕೆರೆ ಮೀನಿನ ರೇಟು ಇದುವರೆಗಿನದ್ದಕ್ಕಿಂತ ಕಿಲೋಗೆ 20 ರೂಪಾಯಿ ಜಾಸ್ತಿಯೂ ಆಗುತ್ತದೆ.

ಮೊದಲು ನಮ್ಮ ತಪ್ಪು ಒಪ್ಪಿಕೊಳ್ಳುತ್ತೇವೆ. ಹೋದ ತಿಂಗಳು ಎರಡು ಭಾನುವಾರ ಟ್ರೇ ಅದಲುಬದಲಾಗಿ ಕೆರೆ ಮೀನು ಹೊಳೆ ಮೀನಿನ ರೇಟಿಗೆ ಹೋಯಿತು. ನಿಮ್ಮ ನಾಲಿಗೆಗೆ ಮೋಸ ಮಾಡೋಕಾಗುತ್ತಾ? ಸೋಮವಾರ ಬೆಳಗ್ಗೆಯೇ ಫೋನು ಶುರುವಾಯಿತು. ಕ್ಷಮಿಸಿ. ಅವತ್ತು ಕೊಂಡವರು ಬಂದು ಹೇಳಿ ಸಾಕು, ಚೀಟಿ ಬೇಡ, ಹೆಚ್ಚಿಗೆ ತಗೊಂಡ ದುಡ್ಡು ವಾಪಸ್ ಕೊಡುತ್ತೇವೆ.

ಆದರೆ ರೇಟು ಏರಿಸಿದ್ದಕ್ಕೆ ನಿಮ್ಮಲ್ಲಿ ಕೆಲವರು "ದುರಾಸೆ" ಅಂದಿದ್ದು ನೋವಾಯಿತು. ಕೆರೆಯ ಗುತ್ತಿಗೆ ಹಣ ಮೊದಲೇ ಕಟ್ಟಬೇಕು. ಮರಿ ತಂದು ಬಿಟ್ಟು ತಿಂಗಳುಗಟ್ಟಲೆ ಕಾಯಬೇಕು. ಅಷ್ಟರಲ್ಲಿ ನೀರುಕಾಗೆ ತನ್ನ ಪಾಲು ತಿಂದಿರುತ್ತದೆ, ಅದಕ್ಕೆ ಯಾರ ಹತ್ತಿರ ಬಿಲ್ ಕೇಳೋಣ? ಐಸ್ ಪೇಟೆಯಿಂದ ಬರುವಷ್ಟರಲ್ಲಿ ಬಿಸಿಲಿಗೆ ಕರಗಿರುತ್ತದೆ, ದುಡ್ಡು ಮಾತ್ರ ಪೂರ್ತಿ ಐಸ್ ಗಡ್ಡೆಗೆ. ಹೊಳೆ ಮೀನಿಗೆ ಗುತ್ತಿಗೆ, ಮರಿಯ ಖರ್ಚು ಇರಲಿಲ್ಲ. ಹೊಳೆಯೇ ಸಾಕುತ್ತಿತ್ತು.

ಇನ್ನು ಬಂದವರೆಲ್ಲ ಕೇಳುವ ಮಾತು: "ಸೇತುವೆ ಮೇಲಿಂದ ನೋಡಿದೆವು, ಹೊಳೆ ಚೆನ್ನಾಗೇ ಹರೀತಿದೆ. ಮೀನು ಮಾತ್ರ ಇಲ್ವಾ?"

ಹರಿಯುತ್ತಿದೆ, ನಿಜ. ಅದರಲ್ಲೊಂದು ಪಾಲು ತಲಕಾಡು ದಾಟಿ ಶಿವನಸಮುದ್ರದ ಹತ್ತಿರದ ಶಿವ ಅಣೆಕಟ್ಟೆಗೆ, ಅಲ್ಲಿಂದ ನೀರು ಶುದ್ಧ ಮಾಡಿ ಪಂಪ್ ಮಾಡುವ ತೊರೆಕಾಡನಹಳ್ಳಿಗೆ, ಆಮೇಲೆ ಬೆಂಗಳೂರಿನ ನಿಮ್ಮ ನಲ್ಲಿಗೆ ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಶುರುವಾದ, ಬೆಂಗಳೂರಿನ ಕಾವೇರಿ ಕುಡಿಯುವ ನೀರಿನ ಯೋಜನೆಯ ಐದನೇ ಹಂತವೊಂದರದ್ದೇ ದಿನಕ್ಕೆ 77.5 ಕೋಟಿ ಲೀಟರಿನ ಲೆಕ್ಕ. ಬೇಡ ಅನ್ನುವವರು ನಾವಲ್ಲ. ನಮ್ಮ ಮಕ್ಕಳೂ ಅಲ್ಲೇ ಕೆಲಸದಲ್ಲಿದ್ದಾರೆ. ಮೇಲಾಗಿ, ಆ ನೀರು ಈ ದಾರಿಯಲ್ಲಿ ಹೋಗುವುದರಿಂದಲೇ ಬೇಸಿಗೆಯಲ್ಲಿ ನಮ್ಮ ಮಡುಗಳು ಪೂರ್ತಿ ಬತ್ತಿಲ್ಲ. ಆ ಪಾಲು ನೀರು ಅಣೆಕಟ್ಟೆ ದಾಟಿ ಕೆಳಕ್ಕೆ ಹೋಗುವುದಿಲ್ಲ, ಹಾಗಾಗಿ ಅಲ್ಲಿನ ಬಿಳಿಮೀನಿನ ಪಾಡು ಬೇರೆ. ಗೂನುಬೆನ್ನಿನ ಆ ಮೀನು ಕಾವೇರಿ ಸೀಮೆ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ.

ಮೀನಿಗೆ ನೀರು ಇದ್ದರಷ್ಟೇ ಸಾಲದು, ಆ ನೀರು ಏರಬೇಕು. ಮಳೆಗಾಲದ ಕೆಂಪು ನೀರು ನುಗ್ಗಿದಾಗಲೇ ಅವು ಮೊಟ್ಟೆ ಇಡಲು ಮೇಲಕ್ಕೆ ಹತ್ತುವುದು. ಆ ಮೊದಲ ನೀರು ಈಗ ಅಣೆಕಟ್ಟುಗಳ ಹೊಟ್ಟೆ ಸೇರುತ್ತದೆ. ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿ ಬಾಗಿನ ಕೊಟ್ಟ ದಿನ ನಮಗೂ ಖುಷಿಯೇ. ಆದರೆ ಮಳೆ ಕೈಕೊಟ್ಟ ವರ್ಷ ಮೀನಿಗೆ ಆ ಏರುನೀರು ಸಿಗುವುದೇ ಇಲ್ಲ. ರಾಜ್ಯಗಳಿಗೆ ನೀರು ಹಂಚಿದ ಕಾವೇರಿ ನ್ಯಾಯಮಂಡಳಿ ಹೊಳೆಯ ವರ್ಷದ 740 ಟಿಎಂಸಿಯಲ್ಲಿ 10 ಟಿಎಂಸಿಯನ್ನು ಪರಿಸರಕ್ಕೆಂದು ಎತ್ತಿಟ್ಟಿದೆ. ಅದರಲ್ಲಿ ಸ್ವಲ್ಪವನ್ನಾದರೂ ಮುಂಗಾರಿನ ಶುರುವಿನಲ್ಲಿ ಒಂದೇ ಸಲ ಬಿಡಲಿ ಅನ್ನುವುದು ನಮ್ಮ ಆಸೆ.

ಬಲೆಯದ್ದೂ ತಪ್ಪಿದೆ. ಮೊಟ್ಟೆ ತುಂಬಿದ ಮೀನಿಗೆ ಗಿರಾಕಿ ಜಾಸ್ತಿ ಅಂತ ಎಷ್ಟೋ ವರ್ಷ ಹಿಡಿದಿದ್ದೇವೆ, ನೀವೂ ಕೇಳಿ ಕೇಳಿ ಕೊಂಡಿದ್ದೀರಿ.

ಟ್ರೇಗಳ ಮೇಲೆ ಈಗ "ಕೆರೆ" ಅಂತ ದಪ್ಪಕ್ಷರದಲ್ಲಿ ಬರೆಸಿದ್ದೇವೆ. ಶನಿವಾರ ಸಂಜೆಯೊಳಗೆ ಹೇಳಿದರೆ ನಿಮ್ಮ ಹೆಸರಲ್ಲಿ ಎತ್ತಿಡುತ್ತೇವೆ. ಕ್ಲೀನ್ ಮಾಡಿಕೊಡುವುದಕ್ಕೆ ಮೊದಲಿನಂತೆ ದುಡ್ಡು ತಗೊಳ್ಳುವುದಿಲ್ಲ. ಕೆಸರು ವಾಸನೆ ಅನ್ನಿಸಿದರೆ ಉಪ್ಪು, ಅರಿಶಿನ ಸವರಿ ಅರ್ಧ ಗಂಟೆ ಬಿಡಿ, ಸಾರಿಗೆ ಹುಣಸೆಹುಳಿ ಒಂದು ಹಿಡಿ ಮುಂದಿರಲಿ.

ಇಂತಿ ನಿಮ್ಮ,
ಸಂಘದ ಕಾರ್ಯದರ್ಶಿ ಮತ್ತು ಸದಸ್ಯರು