ಗ್ಲೇಜರ್‌ಗಳು ಹೋದ ಮೇಲೆ ನಾವು ಏನು ಮಾತನಾಡುವುದು?

ಪ್ರೀತಿಯ ಗೆಳೆಯ,

ಕ್ಲಬ್ಬಿನ ಮಾಲೀಕರಾದ ಗ್ಲೇಜರ್‌ಗಳ ಮೇಲಿನ ಸಿಟ್ಟಿಗೆ, ಇನ್ನು ಮುಂದೆ ಇಂಗ್ಲೆಂಡಿನ ಫುಟ್‌ಬಾಲ್ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ನ ಪಂದ್ಯ ನೋಡುವುದಿಲ್ಲ ಎಂದು ಬರೆದೆಯಲ್ಲ, ಅದಕ್ಕೆ ಉತ್ತರವನ್ನು ನಿನಗೊಬ್ಬನಿಗೇ ಕಳುಹಿಸಬಹುದಿತ್ತು. ಆದರೆ ಜಗಳ ಎಲ್ಲರ ಎದುರಿಗೇ ನಡೆದದ್ದರಿಂದ ಉತ್ತರವೂ ಎಲ್ಲರ ಎದುರಿಗೇ ಇರಲಿ. ಓದುವವರಲ್ಲಿ ಅರ್ಧ ಜನ ನಿನ್ನ ಕಡೆಯವರೆಂದು ಗೊತ್ತು.

ಗ್ಲೇಜರ್ ಕುಟುಂಬದ ಮೇಲೆ ನಿನಗಿರುವ ಸಿಟ್ಟಿನಲ್ಲಿ ಒಂದಕ್ಷರವನ್ನೂ ನಾನು ಅಲ್ಲಗಳೆಯುವುದಿಲ್ಲ. 2005ರಲ್ಲಿ ಸುಮಾರು 79 ಕೋಟಿ ಪೌಂಡ್‌ಗಳಿಗೆ ಕ್ಲಬ್ಬನ್ನು ಕೊಂಡರು. ಕೊಳ್ಳಲು ಮಾಡಿದ ಸಾಲದ ದೊಡ್ಡ ಪಾಲನ್ನು ಕ್ಲಬ್ಬಿನ ತಲೆಗೇ ಕಟ್ಟಿದರು. ಸಾಲವಿಲ್ಲದೆ ನಡೆಯುತ್ತಿದ್ದ ಕ್ಲಬ್ ಅಂದಿನಿಂದ ಬಡ್ಡಿ ಕಟ್ಟುತ್ತಲೇ ಇದೆ. ಇದೆಲ್ಲ ಬರೀ ವ್ಯಾಪಾರ ಎನ್ನುವವರೊಡನೆ ವಾದಿಸುವ ತಾಳ್ಮೆ ನನಗೂ ಇಲ್ಲ.

ಆದರೆ ಆ ವರ್ಷ ಅಭಿಮಾನಿಗಳಿಗೆ ಏನಾಯಿತು ನೋಡು. ಕೆಲವರು ಹೊರನಡೆದು ಎಫ್‌ಸಿ ಯುನೈಟೆಡ್ ಆಫ್ ಮ್ಯಾಂಚೆಸ್ಟರ್ ಕಟ್ಟಿದರು. ಸದಸ್ಯರೇ ಮಾಲೀಕರು, ಒಬ್ಬರಿಗೆ ಒಂದೇ ಮತ. ಉಳಿದವರ ಕಣ್ಣಿಗೆ ಹೋದವರು ತಂಡವನ್ನು ತೊರೆದವರು. ಹೋದವರ ಕಣ್ಣಿಗೆ ಉಳಿದವರು ಗ್ಲೇಜರ್‌ಗಳ ಜೇಬು ತುಂಬಿಸುವವರು. ಅದೇ ಮಾತುಗಳನ್ನು ಇಷ್ಟು ವರ್ಷಗಳ ನಂತರ ನಾವಿಬ್ಬರೂ ಆಡಿಕೊಂಡೆವು, ದೂರದಲ್ಲಿ ಕುಳಿತು, ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್‌ನ ಮೆಟ್ಟಿಲನ್ನೂ ತುಳಿಯದೆ. ನನ್ನ ಟಿವಿ ಚಂದಾ ಹಣವೂ ಕೊನೆಗೆ ಗ್ಲೇಜರ್‌ಗಳಿಗೇ ಸೇರುತ್ತದೆ ಎಂದೆಯಲ್ಲ, ಅದು ನಾಟಿತು. ಅಲ್ಲಿನವರು ಬಹಿಷ್ಕರಿಸಿದರೆ ಸೀಟು ಖಾಲಿ ಕಾಣುತ್ತದೆ. 2021ರ ಮೇ 2ರಂದು ಅವರು ಮೈದಾನಕ್ಕೇ ನುಗ್ಗಿದ್ದರಿಂದ ಬದ್ಧ ಎದುರಾಳಿ ಲಿವರ್‌ಪೂಲ್ ಎದುರಿನ ಪಂದ್ಯವೇ ಮುಂದಕ್ಕೆ ಹೋಯಿತು. ನಾವು ಟಿವಿ ಆರಿಸಿದರೆ ಯಾರಿಗೆ ತಿಳಿಯುತ್ತದೆ? ಆದರೂ ಆರಿಸಬೇಕೆಂಬ ನಿನ್ನ ಹಟ ನನಗೆ ಇಷ್ಟ. ನನ್ನಿಂದ ಆಗುವುದಿಲ್ಲ, ಅಷ್ಟೇ.

ಗ್ಲೇಜರ್‌ಗಳ ವಿರುದ್ಧ ಅಭಿಮಾನಿಗಳು ಹಾಕಿಕೊಂಡ ಹಸಿರು-ಹಳದಿ ಶಾಲುಗಳ ಕಾಲ ನೆನಪಿದೆಯೇ? 2010. ಕ್ಲಬ್ಬು ನ್ಯೂಟನ್ ಹೀತ್ ಎಂಬ ಹೆಸರಿನಲ್ಲಿ ಹುಟ್ಟಿದಾಗಿನ ಬಣ್ಣಗಳು. ಇಟಲಿಯ ಮಿಲಾನ್ ತಂಡದ ಪರ ಆಡಲು ಬಂದ ನಮ್ಮ ಹಳೆಯ ಆಟಗಾರ ಬೆಕಮ್ ಪಂದ್ಯ ಮುಗಿದ ಮೇಲೆ ಅದನ್ನೇ ಕೊರಳಿಗೆ ಹಾಕಿಕೊಂಡಾಗ ನಾವು ಕುಣಿದಿದ್ದೆವು. ಮರುವರ್ಷ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದೆವು. ಆಗ ಸಾಲವೂ ಇತ್ತು, ಮಾಲೀಕರೂ ಅವರೇ. ಸಿಟ್ಟು ಮಾತ್ರ ನನ್ನ ಮಟ್ಟಿಗೆ ಎಲ್ಲೋ ಅಡಗಿತ್ತು. ತಂಡದ ಮ್ಯಾನೇಜರ್ ಫರ್ಗ್ಯೂಸನ್ 2013ರಲ್ಲಿ ನಿವೃತ್ತರಾದ ಮೇಲೆ ಲೀಗ್ ಒಲಿಯದೇ ಹೋದಾಗ ಅದು ಮತ್ತೆ ಹೊರಬಂತು.

ಈಗ ನನ್ನನ್ನು ಕಾಡುತ್ತಿರುವುದು ಬೇರೆ. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಉದ್ಯಮಿ ಜಿಮ್ ರಾಟ್‌ಕ್ಲಿಫ್ ಶೇ 27.7ರಷ್ಟು ಪಾಲು ಕೊಂಡು ಆಟದ ವ್ಯವಹಾರ ವಹಿಸಿಕೊಂಡರು. ಬಾಲ್ಯದಿಂದಲೂ ಯುನೈಟೆಡ್ ಅಭಿಮಾನಿ, ನಮ್ಮವರು ಎಂದುಕೊಂಡೆವು. ಅದೇ ವರ್ಷದ ಕೊನೆಗೆ, ಋತುವಿನ ನಡುವೆಯೇ, ಉಳಿದ ಟಿಕೆಟ್‌ಗಳ ದರ 66 ಪೌಂಡ್ ಎಂದಾಯಿತು. ಮಕ್ಕಳಿಗೂ ಹಿರಿಯರಿಗೂ ರಿಯಾಯಿತಿ ಇಲ್ಲ. ನೌಕರರು ನೂರಾರು ಸಂಖ್ಯೆಯಲ್ಲಿ ಕೆಲಸ ಕಳೆದುಕೊಂಡರು. ಅಭಿಮಾನಿಗಳು ಮತ್ತೆ ಇಬ್ಭಾಗ: ರಾಟ್‌ಕ್ಲಿಫ್ ಮನೆ ಶುಚಿ ಮಾಡುತ್ತಿದ್ದಾರೆ ಎಂದು ಒಂದು ಬಣ, ಗ್ಲೇಜರ್‌ಗಳಿಗೆ ಗುರಾಣಿಯಾಗಿದ್ದಾರೆ ಎಂದು ಇನ್ನೊಂದು. ನಾನು ಎರಡೂ ಕಡೆ ಕಿವಿಗೊಟ್ಟೆ. ಕೇಳುತ್ತಾ ಕೇಳುತ್ತಾ ನನಗೆ ಅನಿಸಿದ್ದು, ಗ್ಲೇಜರ್‌ಗಳು ನಾಳೆ ಪೂರ್ತಿಯಾಗಿ ಹೊರಟುಹೋದರೆ ನನಗೆ ಸಂತೋಷಕ್ಕಿಂತ ಹೆಚ್ಚು ದಿಗಿಲಾಗುತ್ತದೆ.

ಏಕೆಂದರೆ ನಮ್ಮಿಬ್ಬರ ನಡುವೆ ಉಳಿದಿರುವ ಮಾತೆಂದರೆ ಇದೊಂದೇ. ಮದುವೆ, ನೌಕರಿ, ಊರು ಬದಲಾವಣೆ ಎಲ್ಲದರ ನಡುವೆ ಬೇರೆ ಮಾತುಗಳು ಒಂದೊಂದಾಗಿ ನಿಂತುಹೋದವು. ಅಪ್ಪ ಆಸ್ಪತ್ರೆಯಲ್ಲಿದ್ದ ವಾರ ನಾನು ನಿನಗೆ ಕ್ಲಬ್ಬಿನ ಬಡ್ಡಿಯ ಲೆಕ್ಕ ಬರೆದು ಕಳುಹಿಸುತ್ತಿದ್ದೆ. ಅಪ್ಪನ ಸುದ್ದಿ ಬರೆಯಲು ಕೈ ಬರಲಿಲ್ಲ. ನಿನಗೇನೂ ಗೊತ್ತಿರಲಿಲ್ಲ, ಆದರೂ ಮಧ್ಯರಾತ್ರಿಯವರೆಗೆ ಸಾಲುಸಾಲಾಗಿ ಉತ್ತರಿಸಿದೆ. ಆ ಮಾಲೀಕರನ್ನು ಬೈಯುತ್ತಾ ನಾನು ಆ ವಾರ ದಾಟಿದೆ. ನೀನು ಪಂದ್ಯ ನೋಡುವುದನ್ನು ಬಿಡುತ್ತೇನೆ ಎಂದಾಗ ನಾನು ಅಷ್ಟು ಕೂಗಾಡಿದ್ದು ತಂಡಕ್ಕಾಗಿ ಅಲ್ಲ.

ಸರಿ, ಇಷ್ಟು ಸಾಕು. ಇದನ್ನು ಲಿವರ್‌ಪೂಲ್ ಅಭಿಮಾನಿಗಳೂ ಓದುತ್ತಿದ್ದಾರೆ.

ನಿನ್ನ ಬಹಿಷ್ಕಾರವನ್ನು ನಾನು ಗೌರವಿಸುತ್ತೇನೆ. ಮುಂದಿನ ಪಂದ್ಯದ ರಾತ್ರಿ ಮಾತ್ರ ಫೋನ್ ಮಾಡು. ಆಟದ ಸುದ್ದಿ ನಾನಾಗಿ ಎತ್ತುವುದಿಲ್ಲ, ಆಣೆ. ನೀನೇ ಬಾಯಿ ತೆರೆದು ಸ್ಕೋರ್ ಕೇಳಿದರೆ ಹೇಳುತ್ತೇನೆ, ಆಮೇಲೆ ಇವರೆಲ್ಲರಿಗೂ ತಿಳಿಸುತ್ತೇನೆ.

ನಿನ್ನವ